ಕಾಲಿಗೆ ಒಂದು ತೂಕ, ಕೈಗೆ ಇನ್ನೊಂದು

(ಮಡಿಕೇರಿಯಲ್ಲಿ ಒಂದು ಭಾನುವಾರ ಸಂಜೆ, ಸೈಕಲ್ ತುಳಿಯುವವರು ಮತ್ತು ತುಳಿಯಬೇಕು ಅಂದುಕೊಂಡಿರುವವರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ನೇತುಹಾಕಿರುವ ತಕ್ಕಡಿ ಯಾಕೆ ಅಂತ ಬಂದವರೆಲ್ಲ ಕೇಳಿದಿರಿ. ಅದು ನಮ್ಮ ಮನೆಯಲ್ಲಿ ಕರಿಮೆಣಸು ತೂಗುವ ಕೊಕ್ಕೆ ತಕ್ಕಡಿ. ನೀವು ಒಳಗೆ ಬರುವ ಮೊದಲು ನಿಮ್ಮ ಸೈಕಲ್‌ಗಳನ್ನು ಒಂದೊಂದಾಗಿ ಅದಕ್ಕೆ ನೇತುಹಾಕಿ ತೂಕ ಬರೆದುಕೊಂಡಿದ್ದೇನೆ. ಬೇಜಾರಿಲ್ಲ ಅಲ್ವಾ?

ಎಲ್ಲಕ್ಕಿಂತ ಭಾರದ್ದು ಆ ಕಪ್ಪು ಸೈಕಲ್. ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್, ಚೈನ್ ಕವರ್, ಡೈನಮೊ ಎಲ್ಲ ಇರುವ ನಮ್ಮ ಅಪ್ಪಂದಿರ ಕಾಲದ ಸೈಕಲ್. 20 ಕಿಲೋ 400 ಗ್ರಾಂ. ಎರಡನೆಯದು ಯಾರದ್ದು ಗೊತ್ತಾ? ಮುಂದೆ ಕೂತಿರುವ ಈ ಹುಡುಗನದ್ದು. ಮುಂದೂ ಹಿಂದೂ ಶಾಕ್ ಇರುವ ಗೇರ್ ಸೈಕಲ್, 17 ಕಿಲೋ 800. ನೋಡೋಕೆ ಚಿರತೆ ತರ ಇದೆ, ಎತ್ತಿದರೆ ಎಮ್ಮೆ ಕರು. ನನ್ನದು ಮಡ್‌ಗಾರ್ಡ್, ಬಾಟಲಿ ಸೇರಿ 13 ಕಿಲೋ. ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರ ಕಾರ್ಬನ್ ಸೈಕಲ್ 8 ಕಿಲೋ ಚಿಲ್ಲರೆ. ಅದನ್ನು ತೂಗುವಾಗ ಮುಳ್ಳು ಅಲ್ಲಾಡಿತೋ ಇಲ್ಲವೋ ಅಂತ ಎರಡು ಸಲ ನೋಡಿದೆ.

ಕಪ್ಪು ಸೈಕಲ್‌ಗೂ ಕಾರ್ಬನ್ ಸೈಕಲ್‌ಗೂ 12 ಕಿಲೋ ವ್ಯತ್ಯಾಸ. ಬೆಲೆಯ ವ್ಯತ್ಯಾಸ ಹೇಳಿ ಯಾರ ಮನೆಯಲ್ಲೂ ಜಗಳ ಹಚ್ಚುವುದಿಲ್ಲ. ಈ 12 ಕಿಲೋ ನಮ್ಮ ಊರಿನ ರಸ್ತೆಯಲ್ಲಿ ಎಲ್ಲಿ ಕಾಣಿಸುತ್ತದೆ, ಎಲ್ಲಿ ಕಾಣಿಸುವುದಿಲ್ಲ ಅನ್ನುವುದೇ ಇವತ್ತಿನ ಮಾತು.

ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಒಂದು ತಮಾಷೆ ಇತ್ತು. ಮೈಸೂರಿನಲ್ಲಿ ಸೈಕಲ್ ತುಳಿಯುತ್ತಾರೆ, ಕೊಡಗಿನಲ್ಲಿ ತಳ್ಳುತ್ತಾರೆ ಅಂತ. ಸುಳ್ಳೇನಲ್ಲ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಸಂಜೆ ನಾಲ್ಕೂವರೆಗೆ ನಮ್ಮ ಚಡಾವುಗಳಲ್ಲಿ, ಅಂದರೆ ಏರು ರಸ್ತೆಗಳಲ್ಲಿ, ಸಾಲು ಸಾಲು ಮಕ್ಕಳು ಸೈಕಲ್ ತಳ್ಳಿಕೊಂಡು ಹೋಗುವುದನ್ನು ನೋಡುತ್ತಿದ್ದೆ. ಬೆಳಿಗ್ಗೆ ಇಳಿಜಾರಿನಲ್ಲಿ ಹಾರಿ ಬಂದವರು ಸಂಜೆ ಮನೆಗೆ ತಳ್ಳಿಕೊಂಡೇ ಹೋಗಬೇಕು. 'ಯಾಕೆ ಮಗಾ ತಳ್ತೀಯಾ?' ಅಂದರೆ ಎಲ್ಲರ ಉತ್ತರ ಒಂದೇ: 'ಸೈಕಲ್ ಭಾರ ಅಣ್ಣ.'

ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆಮೇಲೆ ಒಂದು ದಿನ ಹಲ್ಲು ಎಣಿಸಿದೆ. ನನ್ನದಲ್ಲ, ಸೈಕಲ್ಲಿನದ್ದು.

ಈ ತರದ, ಗೇರ್ ಇಲ್ಲದ ಸೈಕಲ್‌ಗೆ ಸಾಮಾನ್ಯವಾಗಿ ಪೆಡಲ್ ಹತ್ತಿರದ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18 ಹಲ್ಲು. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಹೆಚ್ಚುಕಡಿಮೆ ಎರಡೂವರೆ ಸುತ್ತು. ದೊಡ್ಡ ಚಕ್ರ ಬೇರೆ. ಅಂದರೆ ಒಂದು ಸುತ್ತಿಗೆ ಸೈಕಲ್ ಐದು ಮೀಟರಿಗಿಂತ ಜಾಸ್ತಿ ಮುಂದೆ ಹೋಗಲೇಬೇಕು. ಕಾಲು ಆರಾಮಾಗಿ ಆಡಬೇಕಾದರೆ ನಿಮಿಷಕ್ಕೆ ಅರವತ್ತು ಸುತ್ತಾದರೂ ಬೇಕು. ಹಾಗೆ ತುಳಿದರೆ ಗಂಟೆಗೆ 19 ಕಿಲೋಮೀಟರ್ ವೇಗ. ರಾಜಾಸೀಟ್ ಹತ್ತಿರದ ಚಡಾವನ್ನು ಗಂಟೆಗೆ 19ರಲ್ಲಿ ಏರುವವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ, ನಿಮಗೆ ಇವತ್ತಿನ ಉಪನ್ಯಾಸ ಬೇಕಾಗಿಲ್ಲ.

ಇನ್ನೊಂದು ಕಡೆ, ಮುಂದೆ 28 ಹಲ್ಲು, ಹಿಂದೆ 34 ಹಲ್ಲು ಇರುವ ಗೇರ್ ಹಾಕಿಕೊಳ್ಳಿ. ಅದೇ ಅರವತ್ತು ಸುತ್ತಿಗೆ ಗಂಟೆಗೆ 6 ಕಿಲೋಮೀಟರ್. ನಡಿಗೆಗಿಂತ ಒಂದು ಚೂರು ಜೋರು, ಅಷ್ಟೇ. ಕಾಲು ನೋಯುವುದಿಲ್ಲ, ಉಸಿರು ಕಟ್ಟುವುದಿಲ್ಲ. ಈ ಗೇರ್ ಇರುವ 18 ಕಿಲೋ ಸೈಕಲ್ ಚಡಾವು ಏರುತ್ತದೆ. ಇಲ್ಲದ 9 ಕಿಲೋ ಸೈಕಲ್ ತಳ್ಳಿಸಿಕೊಳ್ಳುತ್ತದೆ. ಆ ಮಕ್ಕಳು ಇಳಿದದ್ದು ಭಾರಕ್ಕಲ್ಲ, ಹಲ್ಲಿಗೆ.

ಹಾಗಾದರೆ ಭಾರಕ್ಕೆ ಲೆಕ್ಕವೇ ಇಲ್ಲವಾ? ಇದೆ. ಎಷ್ಟು ಅಂತ ನೋಡೋಣ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 27 ಕಿಲೋಮೀಟರ್. ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು ದಾಟಿ ಬರುವಷ್ಟರಲ್ಲಿ ಸರಿಸುಮಾರು ಸಾವಿರ ಮೀಟರ್ ಎತ್ತರ ಏರಿರುತ್ತೇವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ಇದೇ ರಸ್ತೆಯಲ್ಲಿ. ಈಗಲೂ ಆ ಜಾಗಗಳಲ್ಲಿ ತಲೆ ಎತ್ತಿ ಗುಡ್ಡ ನೋಡದೆ ನಾನು ದಾಟುವುದಿಲ್ಲ.

ಒಂದು ಕಿಲೋ ತೂಕವನ್ನು ಸಾವಿರ ಮೀಟರ್ ಎತ್ತರಕ್ಕೆ ಒಯ್ಯಲು 9,800 ಜೂಲ್ ಶಕ್ತಿ ಬೇಕು. ಕೇಳೋಕೆ ದೊಡ್ಡ ಸಂಖ್ಯೆ. ನಮ್ಮ ದೇಹ ತಿಂದದ್ದರಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಡುತ್ತದೆ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಆ ಸೋರಿಕೆ ಸೇರಿಸಿದರೂ ಒಂದು ಕಿಲೋಗೆ ಹತ್ತು ಕ್ಯಾಲರಿ ಹತ್ತಿರ. ಒಂದು ಬಾಳೆಹಣ್ಣಿನಲ್ಲಿ ತೊಂಬತ್ತು-ನೂರು ಕ್ಯಾಲರಿ ಇರುತ್ತದೆ. ಅಂದರೆ ಇಡೀ ಘಾಟಿಗೆ ಒಂದು ಕಿಲೋ ಹೆಚ್ಚಿನ ಭಾರದ ಬಾಡಿಗೆ, ಬಾಳೆಹಣ್ಣಿನ ಒಂದು ತುಂಡು.

ಹೊತ್ತಿನ ಲೆಕ್ಕ ಬೇಕೆನ್ನುವವರಿಗೆ ಅದನ್ನೂ ಹಾಕಿದ್ದೇನೆ. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಅನ್ನಿ. ಸಾಧಾರಣ ಅಭ್ಯಾಸ ಇರುವವರು 150 ವ್ಯಾಟಿನಷ್ಟು ಶಕ್ತಿಯನ್ನು ಒಂದೇ ಸಮನೆ ಹಾಕಬಲ್ಲರು. ಹಳೇ 60 ವ್ಯಾಟ್ ಬಲ್ಬು ಎರಡೂವರೆ ಉರಿಸಿದ ಹಾಗೆ. ಅಷ್ಟಕ್ಕೆ ಈ ಘಾಟಿ ಏರಲು ಎರಡು ಗಂಟೆ ಹಿಡಿಯುತ್ತದೆ. ಒಂದು ಕಿಲೋ ಇಳಿಸಿದರೆ ಒಂದು ನಿಮಿಷ ಚಿಲ್ಲರೆ ಉಳಿಯುತ್ತದೆ. ಬಾಗಿಲಲ್ಲಿರುವ ಕಪ್ಪು ಸೈಕಲ್‌ಗೂ ಕಾರ್ಬನ್ ಸೈಕಲ್‌ಗೂ, ಎರಡಕ್ಕೂ ಸರಿಯಾದ ಗೇರ್ ಇದೆ ಅಂತಲೇ ಇಟ್ಟುಕೊಂಡರೆ, ಹದಿಮೂರು ನಿಮಿಷದ ಅಂತರ. ರೇಸಿನವರಿಗೆ ಅದು ಒಂದು ಜನ್ಮ. ನನಗೆ ಜೋಡುಪಾಲದಲ್ಲಿ ಕುಡಿಯುವ ಒಂದು ಕಾಫಿ.

ರೇಸಿನವರ ಮಾತು ಬಂತಲ್ಲ, ಅವರಿಗೂ ಒಂದು ಮಿತಿ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೇ ಇಸವಿಯಿಂದ 6.8 ಕಿಲೋಗಿಂತ ಹಗುರ ಇರುವ ಸೈಕಲ್ಲನ್ನು ರೇಸಿಗೆ ಬಿಡುವುದಿಲ್ಲ. ಹಗುರ ಮಾಡುವ ಹುಚ್ಚಿನಲ್ಲಿ ಸೈಕಲ್ ಮುರಿಯಬಾರದು ಅಂತ. ನಮ್ಮಲ್ಲಿ ಕೆಲವರು ಆ 6.8ರ ಬೆನ್ನು ಹತ್ತಿ, ನೂರು ಗ್ರಾಂ ಕಡಿಮೆ ಇರುವ ಸೀಟಿಗೆ ಹತ್ತು ಸಾವಿರ ಕೊಡುತ್ತಾರೆ. ಆಮೇಲೆ ಏಪ್ರಿಲ್-ಮೇ ತಿಂಗಳಲ್ಲಿ ವಾರಕ್ಕೆರಡು ಮದುವೆ. ಹಂದಿ ಮಾಂಸದ ಪಂದಿ ಕರಿ, ಅಕ್ಕಿ ಉಂಡೆಯ ಕಡಂಬುಟ್ಟು. ಮಳೆಗಾಲ ಶುರುವಾಗುವಷ್ಟರಲ್ಲಿ ಸೀಟಿನ ಮೇಲಿನ ತೂಕ ಮೂರು ಕಿಲೋ ಏರಿರುತ್ತದೆ. ನಾನು ಬೇರೆ ಯಾರ ಬಗ್ಗೆಯೂ ಹೇಳುತ್ತಿಲ್ಲ.

ಸಮತಟ್ಟು ರಸ್ತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮ್ಮಲ್ಲಿ ಅದು ಜಾಸ್ತಿ ಇಲ್ಲವೂ ಇಲ್ಲ. ಕುಶಾಲನಗರದ ಸುತ್ತಮುತ್ತ ತುಳಿಯುವವರಿಗೆ ಗಾಳಿಯೇ ದೊಡ್ಡ ಶತ್ರು. ಅಲ್ಲಿ ಒಂದೆರಡು ಕಿಲೋ ಭಾರಕ್ಕಿಂತ ಗಾಳಿ ಇಳಿದ ಟಯರ್ ಹೆಚ್ಚು ತಿನ್ನುತ್ತದೆ. ಚಕ್ರದಲ್ಲಿರುವ ಒಂದು ಕಿಲೋ ಬೇರೆ ಕಡೆಯ ಎರಡು ಕಿಲೋಗೆ ಸಮ ಅಂತ ಕೇಳಿರುತ್ತೀರಿ. ನಿಂತಲ್ಲಿಂದ ವೇಗ ಹಿಡಿಯುವಾಗ ಮಾತ್ರ ಅದು ನಿಜ. ಒಂದೇ ವೇಗದಲ್ಲಿ ಘಾಟಿ ಏರುವಾಗ ಚಕ್ರದ ಕಿಲೋನೂ ಕಿಲೋನೇ, ಹೊಟ್ಟೆಯ ಕಿಲೋನೂ ಕಿಲೋನೇ.

ಮಡ್‌ಗಾರ್ಡ್ ಬಗ್ಗೆ ಒಂದು ಮಾತು. ಭಾರ ಅಂತ ಅದನ್ನು ಬಿಚ್ಚಿ ಎಸೆಯುವವರಿದ್ದಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೋಟದ ದಾರಿಯಲ್ಲಿ ಒಂದು ಸಲ ಮಡ್‌ಗಾರ್ಡ್ ಇಲ್ಲದೆ ಹೋಗಿ ಬನ್ನಿ. ಬೆನ್ನಿನ ಮೇಲೆ, ಬ್ಯಾಗಿನ ಮೇಲೆ ಅಂಟಿದ ಕೆಸರನ್ನು ಕೆರೆದು ಈ ತಕ್ಕಡಿಗೆ ಹಾಕಿದರೆ ಬಿಚ್ಚಿದ ಮಡ್‌ಗಾರ್ಡಿನ ತೂಕ ಸರಿಹೋಗುತ್ತದೆ. ಜಿಗಣೆ ಲೆಕ್ಕ ಬೇರೆ.

ಇಲ್ಲಿಯವರೆಗೆ ಹೇಳಿದ್ದು ಕಾಲಿನ ಲೆಕ್ಕ. ಈಗ ಕೈಯ ಲೆಕ್ಕಕ್ಕೆ ಬರೋಣ. ನನಗೆ ಹೇಳಬೇಕಾಗಿದ್ದದ್ದು ಇದೇ.

8 ಪರ್ಸೆಂಟ್ ಚಡಾವು ಅಂದರೆ ನೂರು ಮೀಟರ್ ಹೋದರೆ ಎಂಟು ಮೀಟರ್ ಏರು. ಅಲ್ಲಿ 20 ಕಿಲೋ ಸೈಕಲ್ ನಿಮ್ಮನ್ನು ಹಿಂದಕ್ಕೆ ಎಳೆಯುವುದು ಅದರ ತೂಕದ ನೂರಕ್ಕೆ ಎಂಟರಷ್ಟು. ಬರೀ 1 ಕಿಲೋ 600 ಗ್ರಾಂ. ಉಳಿದದ್ದನ್ನು ಚಕ್ರಗಳು, ರಸ್ತೆ ಹೊತ್ತುಕೊಳ್ಳುತ್ತವೆ. ಆದರೆ ಅದೇ ಸೈಕಲ್ಲನ್ನು ಮೆಟ್ಟಿಲ ಮೇಲೆ ಎತ್ತಿದಿರೋ, ಇಪ್ಪತ್ತಕ್ಕೆ ಇಪ್ಪತ್ತೂ ನಿಮ್ಮದೇ. ಯಾರೂ ಪಾಲಿಗೆ ಬರುವುದಿಲ್ಲ.

ಕೊಡಗಿನಲ್ಲಿ ಸೈಕಲ್ ಎತ್ತುವ ಜಾಗಗಳು ಎಷ್ಟು ಅಂತ ಯೋಚನೆ ಮಾಡಿ. ಮನೆ ಇರುವುದು ದಿಬ್ಬದ ಮೇಲೆ, ರಸ್ತೆ ಕೆಳಗೆ, ನಡುವೆ ಮೂವತ್ತು ಮೆಟ್ಟಿಲು. ತೋಟದ ಗೇಟಿಗೆ ಬೀಗ ಬಿದ್ದಿದ್ದರೆ ಪಕ್ಕದ ಬೇಲಿಯ ತಡಮೆ ದಾಟಬೇಕು. ಗದ್ದೆ ಬದುವಿನಲ್ಲಿ ಒಬ್ಬರು ನಡೆಯುವಷ್ಟೇ ಜಾಗ, ಸೈಕಲ್ ಪಕ್ಕದಲ್ಲಿ ತಳ್ಳುವ ಹಾಗಿಲ್ಲ. ಹಳೇ ಕಡಂಗ, ಅಂದರೆ ಕಂದಕ, ಅಡ್ಡ ಬಂದರೆ ಇಳಿದು ಹತ್ತಬೇಕು. ಮಳೆಗೆ ಮರ ಬಿದ್ದಿದ್ದರೆ ಅದರ ಮೇಲಿಂದ ಎತ್ತಿ ಹಾಕಬೇಕು. ಇಲ್ಲೆಲ್ಲ ಒಂದೊಂದು ಕಿಲೋವೂ ಮಾತಾಡುತ್ತದೆ.

ಬನ್ನಿ, ಎತ್ತಿ ತೋರಿಸುತ್ತೇನೆ. (ಇಲ್ಲಿ ನನ್ನ ಸೈಕಲ್ಲನ್ನು ವೇದಿಕೆಗೆ ತಂದೆ.) ಸೈಕಲ್ಲಿನ ಎಡಗಡೆ ನಿಲ್ಲಿ, ಚೈನ್ ಆಚೆ ಬದಿಗಿರಲಿ. ಮೊಣಕಾಲು ಸ್ವಲ್ಪ ಬಗ್ಗಿಸಿ. ಬಲಗೈಯನ್ನು ಫ್ರೇಮಿನ ಮುಕ್ಕೋನದೊಳಗಿಂದ ತೂರಿಸಿ. ನಾವೆಲ್ಲ ಚಿಕ್ಕವರಿದ್ದಾಗ ಒಳಪೆಡಲ್ ಹೊಡೆಯಲು ಕಾಲು ತೂರಿಸುತ್ತಿದ್ದೆವಲ್ಲ, ಅದೇ ಜಾಗ. ಮೇಲಿನ ಬಾರನ್ನು ಬಲ ಹೆಗಲ ಮೇಲೆ ಕೂರಿಸಿ, ಅದೇ ಕೈಯಿಂದ ಹ್ಯಾಂಡಲ್ ಹಿಡಿಯಿರಿ. ಎಡಗೈ ಖಾಲಿ ಇರುತ್ತದೆ. ಕೊಡೆ ಹಿಡಿಯೋಕೆ, ಕಂಬ ಹಿಡಿಯೋಕೆ, ನಾಯಿ ಓಡಿಸೋಕೆ. ಹೀಗೆ 13 ಕಿಲೋ ಸೈಕಲ್ಲನ್ನು ನೂರು ಮೆಟ್ಟಿಲು ಒಯ್ಯಬಹುದು. ಕೈಯಲ್ಲಿ ನೇತುಹಾಕಿಕೊಂಡು ಹೋದರೆ ಹತ್ತನೇ ಮೆಟ್ಟಿಲಿಗೆ ಪೆಡಲ್ ಮೊಣಕಾಲಿಗೆ ಬಡಿದು ನೀವು ಆಡಬಾರದ ಮಾತು ಆಡಿರುತ್ತೀರಿ.

ಈಗ ಈ ಹುಡುಗನ ಸೈಕಲ್ ನೋಡಿ. ಮುಕ್ಕೋನ ಇರಬೇಕಾದ ಜಾಗದಲ್ಲಿ ಸ್ಪ್ರಿಂಗ್ ಕೂತಿದೆ. ಹೆಗಲು ತೂರಿಸಲು ಜಾಗವಿಲ್ಲ. ಲೇಡೀಸ್ ಸೈಕಲ್‌ಗೆ ಮೇಲಿನ ಬಾರೇ ಇಲ್ಲ. ಕಪ್ಪು ಸೈಕಲ್‌ಗೆ ಹಿಂದಿನ ಭಾರ ಜಾಸ್ತಿ, ಎತ್ತಿದರೆ ಮೂತಿ ಮೇಲೇಳುತ್ತದೆ. ತೂಕ ಒಂದೇ ಇದ್ದರೂ ಹಿಡಿಯಲು ಸಿಗುವುದು, ಸಿಗದಿರುವುದು ಬೇರೆ ಬೇರೆ. ಐವತ್ತು ಕಿಲೋ ಕಾಫಿ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹೋಗುವವರಿಗೇ ಒಂದು ನಾಯಿಮರಿಯನ್ನು ಎತ್ತಿಕೊಂಡು ಹೋಗಿ ಅನ್ನಿ, ಗೊತ್ತಾಗುತ್ತದೆ. ಸೈಕಲ್ ಕೊಳ್ಳಲು ಅಂಗಡಿಗೆ ಹೋದಾಗ ಎಲ್ಲರೂ ಹತ್ತಿ ಒಂದು ಸುತ್ತು ಹೊಡೆದು ನೋಡುತ್ತೀರಿ. ಅಲ್ಲೇ ಒಂದು ಸಲ ಹೆಗಲಿಗೂ ಹಾಕಿ ನೋಡಿ.

ಪ್ರಯಾಣದ ಕಥೆ ಇನ್ನೂ ದೊಡ್ಡದು. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಸೈಕಲ್ ಜೊತೆ ಹೊರಗೆ ಹೋಗಬೇಕಾದರೆ ಮೊದಲು ಬಸ್ಸು. ಮೊದಲೆಲ್ಲ ಬಸ್ಸಿನ ಹಿಂದೆ ಏಣಿ, ಮೇಲೆ ಟಾಪು. ಬಾಳೆಗೊನೆ, ಕೋಳಿ ಬುಟ್ಟಿ, ಸೈಕಲ್ ಎಲ್ಲ ಒಟ್ಟಿಗೆ. ನನಗೆ ಇಪ್ಪತ್ತೆರಡು ವರ್ಷ ಇದ್ದಾಗ ಒಂದು ಜುಲೈ ಬೆಳಿಗ್ಗೆ, ಧೋ ಮಳೆಯಲ್ಲಿ, 18 ಕಿಲೋ ಸೈಕಲ್ಲನ್ನು ಒಂದು ಕೈಯಲ್ಲಿ ಹಿಡಿದು ಆ ಏಣಿ ಹತ್ತಿದೆ. ಕ್ಯಾರಿಯರಿಗೆ ಕಟ್ಟಿದ್ದ ಬ್ಯಾಗನ್ನು ಬಿಚ್ಚಿಯೂ ಇರಲಿಲ್ಲ. ನಾಲ್ಕನೇ ಮೆಟ್ಟಿಲಲ್ಲಿ ಚಪ್ಪಲಿ ಜಾರಿತು. ನಾನು ಏಣಿ ಹಿಡಿದೆ, ಸೈಕಲ್ ಬಿಟ್ಟೆ. ಮುಂದಿನ ಫೋರ್ಕ್ ಕೊಡೆ ಹಿಡಿಯ ತರ ಬಾಗಿತು. ಕೆಳಗೆ ಯಾರೂ ಇರಲಿಲ್ಲ ಅನ್ನುವುದು ಪುಣ್ಯ. ಕಂಡಕ್ಟರ್ ಮೇಲಿನಿಂದ ಬಗ್ಗಿ ನೋಡಿ, 'ಈಗ ಟಿಕೆಟ್ ಒಬ್ಬರಿಗಾ, ಇಬ್ಬರಿಗಾ?' ಅಂದರು. ಘಾಟಿಯಲ್ಲಿ ಎಷ್ಟೋ ವರ್ಷ ಆ ಸೈಕಲ್ ನನಗೆ ಅಷ್ಟು ಭಾರ ಅನ್ನಿಸಿರಲಿಲ್ಲ. ಆರು ಅಡಿ ಏಣಿಯಲ್ಲಿ ಅನ್ನಿಸಿತು.

ಈಗಿನ ಬಸ್ಸುಗಳಲ್ಲಿ ಟಾಪು ಕಡಿಮೆ. ಡಿಕ್ಕಿ ಇದ್ದರೆ ಸೈಕಲ್ಲನ್ನು ಅಡ್ಡ ಮಲಗಿಸಬೇಕು. ಗೇರ್ ಇರುವ ಬದಿ ಮೇಲೆ ಬರಲಿ, ಇಲ್ಲದಿದ್ದರೆ ಮೊದಲ ತಿರುವಿಗೇ ಗೇರ್ ಬಾಗುತ್ತದೆ. ಮುಂದಿನ ಚಕ್ರ ಬಿಚ್ಚಿದರೆ ಜಾಗವೂ ಉಳಿಯುತ್ತದೆ, ಎತ್ತುವ ಭಾರವೂ ಎರಡು ಪಾಲಾಗುತ್ತದೆ. ಬಸ್ಸಿನಲ್ಲಿ ಓಡಾಡುವವರಿಗೆ ಮಡಚುವ ಸೈಕಲ್ ಚೆನ್ನ. ತೂಕದಲ್ಲಿ ಅದೇನೂ ಹಗುರ ಅಲ್ಲ, ಹನ್ನೊಂದರಿಂದ ಹದಿಮೂರು ಕಿಲೋ ಇರುತ್ತದೆ. ಆದರೆ ಗಂಟು ಕಟ್ಟಿದ ಹಾಗಾಗಿ ಕಾಲ ಬಳಿ ಕೂರುತ್ತದೆ, ಕಂಡಕ್ಟರ್ ಕಣ್ಣಿಗೆ ಲಗೇಜ್ ಆಗುತ್ತದೆ. ಸಣ್ಣ ಚಕ್ರ ನಮ್ಮ ಹೊಂಡಗಳಿಗೆ ಬಿದ್ದಾಗ ಮಾತ್ರ ಹಲ್ಲು ಕಟಕಟ.

ವಿಮಾನದಲ್ಲಿ ಕೈ ಅಲ್ಲ, ಜೇಬು ನೋಯುತ್ತದೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದರೆ ಸಾಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜ್ ಬಿಡುತ್ತಾರೆ. ಈ 15 ಕಿಲೋದಲ್ಲಿ ಪೆಟ್ಟಿಗೆಯೂ ಸೇರಿತು. ನನ್ನ 13 ಕಿಲೋ ಸೈಕಲ್ಲಿನ ಮಡ್‌ಗಾರ್ಡ್, ಕ್ಯಾರಿಯರ್, ಬಾಟಲಿ ಎಲ್ಲ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ಹಾಕಿದರೆ 16 ಕಿಲೋ ಬಂತು. ಕೌಂಟರಿನ ಮುಂದೆಯೇ ಪೆಟ್ಟಿಗೆ ಬಿಚ್ಚಿ, ಎರಡು ಪೆಡಲ್ ತೆಗೆದು ಜರ್ಕಿನ್ ಜೇಬಿಗೆ ಹಾಕಿಕೊಂಡೆ. ಸೆಕ್ಯುರಿಟಿಯಲ್ಲಿ ಆ ಪೆಡಲ್ ಏನು ಅಂತ ವಿವರಿಸಿದ್ದು ಇನ್ನೊಂದು ಉಪನ್ಯಾಸ. ಅಂದ ಹಾಗೆ, ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ ತಿರುಗುತ್ತದೆ. ಬಿಚ್ಚುವಾಗ ಮರೆತು ಮಾಮೂಲಿ ಕಡೆಗೇ ಜೋರಾಗಿ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ, ಆಮೇಲೆ ಪೆಡಲ್ ಕೂರುವ ಕ್ರ್ಯಾಂಕ್ ಹೋಯಿತು ಅಂತ ನನ್ನನ್ನು ಬೈಯಬೇಡಿ. ಗಟ್ಟಿ ಪೆಟ್ಟಿಗೆ ಕೊಂಡರೆ ಅದೇ ಹತ್ತು ಕಿಲೋ ದಾಟುತ್ತದೆ. 8 ಕಿಲೋ ಕಾರ್ಬನ್ ಸೈಕಲ್ ಅದರಲ್ಲಿ ಕೂತರೆ ಹಗುರದ ಹೆಮ್ಮೆ ಮುಗಿಯಿತು.

ಹಿಂದೆ ಕೂತವರೊಬ್ಬರು ಕೇಳಿದರು: 'ಸಾರ್, ಇಷ್ಟೆಲ್ಲ ಯಾಕೆ, ಬ್ಯಾಟರಿ ಸೈಕಲ್ ತಗೊಂಡ್ರೆ ಆಯ್ತಲ್ಲ?'

ಚಡಾವಿಗೆ ಅದು ಒಳ್ಳೆಯದೇ. ಮೊಣಕಾಲು ನೋವಿರುವವರಿಗೆ ನಾನೇ ಹೇಳುತ್ತೇನೆ. ಆದರೆ ಸೈಕಲ್ ಇಪ್ಪತ್ತು-ಇಪ್ಪತ್ತೈದು ಕಿಲೋ. ಚಾರ್ಜ್ ಇರುವವರೆಗೆ ಮೋಟಾರು ಹೊರುತ್ತದೆ, ಮುಗಿದ ಮೇಲೆ ನೀವು ಹೊರುತ್ತೀರಿ. ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್. ಆರನೇ ಕಿಲೋಮೀಟರಿಗೆ ಚಾರ್ಜ್ ಮುಗಿಸಿಕೊಂಡು ನಿಂತವರನ್ನು ನೋಡಿದ್ದೇನೆ. ಇನ್ನೊಂದು, ವಿಮಾನದಲ್ಲಿ 160 ವ್ಯಾಟ್-ಅವರ್ ಸಾಮರ್ಥ್ಯ ದಾಟಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವ ಹಾಗಿಲ್ಲ. ಸೈಕಲ್ ಬ್ಯಾಟರಿಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು.

ಇನ್ನೊಬ್ಬರು, ಕಾಲೇಜು ಹುಡುಗಿ, ಬ್ಯಾಗನ್ನು ಬೆನ್ನಿಗೆ ಹಾಕಬೇಕಾ, ಸೈಕಲ್‌ಗೆ ಕಟ್ಟಬೇಕಾ ಅಂತ ಕೇಳಿದಳು. ಏರುವಾಗ ಲೆಕ್ಕಕ್ಕೆ ಎರಡೂ ಒಂದೇ. ಬೆನ್ನಿಗೆ, ಕೂರುವ ಜಾಗಕ್ಕೆ ಒಂದೇ ಅಲ್ಲ. ನಾಲ್ಕು ಕಿಲೋ ದಾಟಿದರೆ ಕಟ್ಟಿಬಿಡು ಅಂದೆ. ಕ್ಯಾರಿಯರಿನ ಮೇಲೆ ಗೋಪುರ ಕಟ್ಟದೆ ಎರಡೂ ಪಕ್ಕಕ್ಕೆ ಸಮವಾಗಿ, ಕೆಳಗೆ ಬರುವ ಹಾಗೆ. ಮೇಲೆ ಕಟ್ಟಿದ ಭಾರ ಇಳಿಜಾರಿನ ತಿರುವಿನಲ್ಲಿ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ. ಭಾರ ಜಾಸ್ತಿ ಆದಷ್ಟೂ ಬ್ರೇಕಿಗೂ ಕೆಲಸ ಜಾಸ್ತಿ. ಮಂಜು ಮುಸುಕಿದ ದಿನ ಮದೆನಾಡಿನಿಂದ ಕೆಳಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ರಿಮ್ಮು ಕೈಗೆ ಸುಡುವಷ್ಟು ಕಾಯುತ್ತದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು.

ಕೊನೆಗೆ ಕಪ್ಪು ಸೈಕಲ್ಲಿನ ಒಡತಿ ಎದ್ದು ನಿಂತರು. ಅರವತ್ತು ದಾಟಿದ ಅಕ್ಕ. ಗಂಡ ತುಳಿಯುತ್ತಿದ್ದ ಸೈಕಲ್ ಅದು, ಈಗ ಹಾಲಿನ ಡೈರಿಗೆ ಹೋಗಲು ಮೊಮ್ಮಗ ಬಳಸುತ್ತಾನಂತೆ.

'ನೀವು ಹೇಳಿದ್ದು ಸರಿ. ತುಳಿಯೋಕೆ ಅವನಿಗೇನೂ ಕಷ್ಟ ಇಲ್ಲ. ನಮ್ಮ ಮನೆ ಮೆಟ್ಟಿಲೇ ಕಷ್ಟ. ಇಪ್ಪತ್ತೆಂಟು ಮೆಟ್ಟಿಲು. ಹೊಸದು ತಗೊಳ್ಳೋದಾ?'

ಬೇಡ ಅಕ್ಕ, ಅಂದೆ. ಮೊದಲು ಸ್ಟ್ಯಾಂಡು, ಡೈನಮೊ, ಚೈನ್ ಬೀಗ ತೆಗೆದು ತೂಗಿ ನೋಡಿ, ಎರಡು ಕಿಲೋ ಇಳಿದರೂ ಇಳಿಯಬಹುದು. ಆಮೇಲೆ ತೋಟದಲ್ಲಿ ಸಿಲ್ವರ್ ಮರದ ಹಲಗೆ ಇದ್ದರೆ, ಒಂಬತ್ತು ಇಂಚು ಅಗಲದ್ದು, ಮೆಟ್ಟಿಲಿನ ಒಂದು ಅಂಚಿಗೆ ಉದ್ದಕ್ಕೆ ಹಾಸಿ. ಚಕ್ರ ಹಲಗೆ ಮೇಲೆ, ಹುಡುಗ ಮೆಟ್ಟಿಲ ಮೇಲೆ. ನಿಮ್ಮ ಮೆಟ್ಟಿಲು ಮೂವತ್ತು ಡಿಗ್ರಿ ಓರೆ ಇದ್ದರೆ ಇಪ್ಪತ್ತು ಕಿಲೋ ಹತ್ತು ಕಿಲೋ ಆಗುತ್ತದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ಮಳೆಗಾಲದಲ್ಲಿ ಹಲಗೆಗೆ ಪಾಚಿ ಕಟ್ಟುತ್ತಲ್ಲ?'

ಕೋಳಿ ಗೂಡಿಗೆ ಹಾಕುವ ಜಾಲರಿ ಹೊಡೆಯಿರಿ ಅಂದೆ. ಮೊಳೆ ಮಾತ್ರ ಅಂಚಿಗೆ, ಟಯರ್ ಹೋಗುವ ದಾರಿಯಲ್ಲಿ ಬೇಡ.